ಬೆಂಕಿ ಬೀಳುವ ಮೊದಲೇ ಬಾವಿ
(ಹುಲಿಕೆರೆಯಲ್ಲಿ ನೆರೆದ ಉಪಾಧ್ಯಾಯರ ಹಾಗೂ ಊರ ಹಿರಿಯರ ಸಭೆಯಲ್ಲಿ, ಸಂಕಟಕಾಲದ ಧನಸಂಗ್ರಹವನ್ನು ಕುರಿತು ಮಾಡಿದ ಭಾಷಣ)



ನಾಡಿಗೆ ಸಂಕಟವು ಬಂದೊದಗಿದಾಗ ಧರ್ಮಾರ್ಥ ಸಂಸ್ಥೆಗಳು ದಾನಿಗಳನ್ನು ಹೇಗೆ ಕಾಣಬೇಕು, ಹಣವನ್ನು ಹೇಗೆ ಕೂಡಿಸಬೇಕು, ಕೂಡಿಸಿದುದಕ್ಕೆ ಲೆಕ್ಕವನ್ನು ಹೇಗೆ ಒಪ್ಪಿಸಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಟ್ಟಿರುವಿರಿ. ಈ ವಿಷಯದ ವಿವೇಚನೆಗೆ ಹುಲಿಕೆರೆಗಿಂತ ತಕ್ಕ ಸ್ಥಳವು ದೊರೆಯಲಾರದೆಂದು ನಮ್ಮ ಭಾವನೆ. ಹಳೇಬೀಡಿನ ಶಿಲ್ಪವನ್ನು ನೋಡಲು ಬರುವ ಬಹುಮಂದಿ ಯಾತ್ರಿಕರು ಕಾಣದೆಯೇ ಹಿಂದಿರುಗುವ ಹೊಯ್ಸಳರ ಕಾಲದ ಕಲ್ಯಾಣಿಯು ತಮ್ಮ ಊರಿನಲ್ಲಿದೆ. ಮೆಟ್ಟಿಲು ಮೆಟ್ಟಿಲಾಗಿ ನೀರಿಗಿಳಿಯುವ ಆ ಕೊಳವನ್ನು ಕಟ್ಟಿಸಿದವರು ಬಾಯಾರಿಕೆಯಾದ ದಿವಸ ಗುದ್ದಲಿಯನ್ನು ಹಿಡಿದವರಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ನಮ್ಮ ಇಂದಿನ ಸಂಸ್ಥೆಗಳಿಗೆ ಒಪ್ಪುವಷ್ಟು ಅಂದಿನವರಿಗೆ ಒಪ್ಪುವುದಿಲ್ಲ.

ಸಂಕಟಕಾಲದಲ್ಲಿ ಸರ್ಕಾರವಿಲ್ಲವೇ, ಜನರು ವಂತಿಗೆ ಎತ್ತುವುದೇಕೆ ಎಂದು ಕೆಲವರು ಕೇಳುವುದುಂಟು. ಸರ್ಕಾರದ ಹೊಣೆಯನ್ನು ನಾವು ಕಡಮೆ ಮಾಡಿ ಹೇಳುವವರಲ್ಲ. ಆದರೆ ಸರ್ಕಾರದ ಕೈ ಉದ್ದವಾದುದಾದರೂ ಅದು ಚಾಚುವುದು ನಿಧಾನ. 2023ರ ಸೆಪ್ಟೆಂಬರಿನಲ್ಲಿ ಕರ್ನಾಟಕದ 195 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಮುಂದೆ ಆ ಸಂಖ್ಯೆಯು 223ಕ್ಕೆ ಏರಿತು. ರಾಜ್ಯವು ಕೇಂದ್ರವನ್ನು ಕೇಳಿದುದು 18,171 ಕೋಟಿ ರೂಪಾಯಿ. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ನಡುವೆ ಕಳೆದವು ಏಳು ತಿಂಗಳು. ತೆಂಗಿನ ಸುಳಿ ಒಣಗುವುದಕ್ಕೂ ದನವನ್ನು ಸಂತೆಗೆ ಹೊಡೆಯುವುದಕ್ಕೂ ಏಳು ತಿಂಗಳು ಬೇಕಾಗುವುದಿಲ್ಲವೆಂಬುದನ್ನು ಅರಸೀಕೆರೆಯ ಸೀಮೆಯವರಿಗೆ ನಾವು ಹೇಳಬೇಕಾದುದಿಲ್ಲ. ಈ ಅಂತರವನ್ನು ತುಂಬತಕ್ಕದ್ದೇ ಜನರ ನಿಧಿಯ ಕೆಲಸ.

ಈ ಕೆಲಸವು ನಮಗೆ ಹೊಸತಲ್ಲ. 1876ರಿಂದ 1878ರವರೆಗೆ ಬಿದ್ದ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು ನೆನೆಯಿರಿ. ಅಂದು ಮೈಸೂರು ಕಮಿಷನರರ ಕೈಯಲ್ಲಿತ್ತು. ಬಳ್ಳಾರಿಯು ಮದರಾಸಿಗೂ, ಧಾರವಾಡ, ಬೆಳಗಾವಿ, ಕಲಾದಗಿಗಳು ಮುಂಬಯಿಗೂ ಸೇರಿದ್ದವು. ಆಳುವ ಕಚೇರಿಗಳು ಮೂರಾದರೂ ಹಸಿವು ಒಂದೇ ಆಗಿತ್ತು. ಮೈಸೂರು ಒಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನರು ಅಳಿದರು. 1877ರ ಆಗಸ್ಟಿನಲ್ಲಿ ಮದರಾಸಿನ ಸಾರ್ವಜನಿಕ ಸಭೆಯಿಂದ ಮೊರೆ ಹೊರಟು, ಲಂಡನ್ನಿನ ಲಾರ್ಡ್ ಮೇಯರನ ಮನೆಯಲ್ಲಿ ‘ಮ್ಯಾನ್ಷನ್ ಹೌಸ್ ನಿಧಿ’ಯು ತೆರೆಯಲ್ಪಟ್ಟಿತು. ಪತ್ರಿಕೆಗಳು ಆ ಮೊರೆಯನ್ನು ಮನೆಮನೆಗೆ ಮುಟ್ಟಿಸಿದವು. ಲಕ್ಷಗಟ್ಟಲೆ ಪೌಂಡು ಕೂಡಿತು. ಅದರ ಮದರಾಸಿನ ಕಾರ್ಯದರ್ಶಿಯಾದ ವಿಲಿಯಂ ಡಿಗ್ಬಿಯು ತಾನೂ ಒಬ್ಬ ಪತ್ರಿಕಾಕರ್ತನೇ. ಕ್ಷಾಮದ ವೃತ್ತಾಂತವನ್ನು 1878ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದನು.

ಈ ನಿಧಿಯಿಂದ ನಾವು ಕಲಿಯತಕ್ಕ ಪಾಠಗಳು ಎರಡು. ಮೊದಲನೆಯದು, ಅದು ಸರ್ಕಾರವು ಮಾಡುತ್ತಿದ್ದ ಕೆಲಸವನ್ನೇ ಮತ್ತೆ ಮಾಡಲು ಹೊರಡಲಿಲ್ಲ. ಜೀವವನ್ನು ಉಳಿಸುವುದು ಸರ್ಕಾರದ ಹೊಣೆಯೆಂದು ತಿಳಿದು, ಬದುಕನ್ನು ಮರಳಿ ನಿಲ್ಲಿಸುವುದನ್ನು, ಎಂದರೆ ಬಿತ್ತನೆಯ ಬೀಜ, ಉಳುವ ಎತ್ತು, ಮನೆಯ ಮಾಡು ಇವುಗಳನ್ನು, ತನ್ನ ಪಾಲಿಗೆ ಆರಿಸಿಕೊಂಡಿತು. ಎರಡನೆಯದು ಕಹಿಯಾದುದು. ಮಳೆಯು ತಪ್ಪಿದುದು 1876ರಲ್ಲಿ. ಮೊರೆಯು ಹೊರಟುದು ಮರುವರ್ಷದ ಆಗಸ್ಟಿನಲ್ಲಿ. ಅಷ್ಟರಲ್ಲಿ ದುಡ್ಡಿನಿಂದ ಹಿಂದಿರುಗಿಸಲಾಗದವರು ಎಷ್ಟೋ ಮಂದಿ ಹೋಗಿಬಿಟ್ಟಿದ್ದರು.

ಈಗ ನಮ್ಮ ಕಾಲಕ್ಕೆ ಬರೋಣ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ಸಾವಿರಾರು ಜನರು ಪರಿಹಾರ ಕೇಂದ್ರಗಳನ್ನು ಸೇರಿದರು. ಕನ್ನಡಿಗರ ಔದಾರ್ಯವು ಉಕ್ಕಿ ಹರಿಯಿತು. ರಾಜ್ಯದ ಊರೂರುಗಳಿಂದ ಲಾರಿಗಳು ಘಟ್ಟವನ್ನು ಹತ್ತಿದವು. ಆದರೆ ಕೆಲವೇ ದಿವಸಗಳಲ್ಲಿ, ಬಟ್ಟೆಬರೆಗಳೂ ಕೆಡುವ ಆಹಾರವೂ ಸಾಕಾಗಿವೆ, ಇನ್ನು ಕಳಿಸಬೇಡಿರೆಂದು ಜಿಲ್ಲೆಯ ಅಧಿಕಾರಿಗಳೇ ಬೇಡಿಕೊಳ್ಳುವಂತಾಯಿತು. ಕೊಡುವವರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ಏನು, ಎಷ್ಟು, ಯಾವಾಗ ಬೇಕೆಂಬುದನ್ನು ಅವರಿಗೆ ತಿಳಿಸುವ ಬಾಯಿಯು ಇರಲಿಲ್ಲ. ಹಳೆಯ ಸೀರೆಯ ಗಂಟನ್ನು ಕಟ್ಟಿ ಕಳಿಸುವುದು ಸುಲಭ. ಮನೆ ಹೋದವನಿಗೆ ಬೇಕಾದುದು ಮನೆ. ಅದೇ ವರ್ಷ ಇನ್ಫೋಸಿಸ್ ಪ್ರತಿಷ್ಠಾನವು ಕೊಡಗಿನ ಪುನರ್ವಸತಿಗೆ 25 ಕೋಟಿಯನ್ನು ಕೊಡುವುದಾಗಿ ಸಾರಿತು. ಅಷ್ಟು ದೊಡ್ಡ ಕೈ ಎಲ್ಲರಿಗೂ ಇಲ್ಲ; ಆದರೆ ‘ಯಾವುದಕ್ಕೆ’ ಎಂಬುದನ್ನು ಮೊದಲು ಗೊತ್ತುಮಾಡಿ ಕೊಡುವ ಕ್ರಮವು ಹತ್ತು ರೂಪಾಯಿ ಕೊಡುವವನಿಗೂ ಸಾಧ್ಯ. ಹಾಗೆ ಗೊತ್ತುಮಾಡಿ ಹೇಳುವುದು ಬೇಡುವ ಸಂಸ್ಥೆಯ ಮೊದಲನೆಯ ಕರ್ತವ್ಯ.

ಇನ್ನು ಮಾತು ಕೊಡುವುದಕ್ಕೂ ಹಣ ಕೊಡುವುದಕ್ಕೂ ಇರುವ ದೂರ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಲ್ಲಿ ಬಾಗಲಕೋಟೆ, ಬಿಜಾಪುರ, ರಾಯಚೂರು, ಗುಲಬರ್ಗಾ ಮೊದಲಾದ ಜಿಲ್ಲೆಗಳನ್ನು ನೆರೆಯು ಮುಳುಗಿಸಿತು. ತುಂಗಭದ್ರೆಯು ಮಂತ್ರಾಲಯವನ್ನೂ ಹೊಕ್ಕಿತು. ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಅಂದಿನ ಮುಖ್ಯಮಂತ್ರಿಗಳು ತಾವೇ ಬೀದಿಗಿಳಿದು ಕಾಲ್ನಡಿಗೆಯಲ್ಲಿ ದೇಣಿಗೆ ಎತ್ತಿದರು. ‘ಆಸರೆ’ ಎಂಬ ಯೋಜನೆಯಲ್ಲಿ ದಾನಿಗಳು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಊರುಗಳನ್ನೇ ಹೊಸದಾಗಿ ಕಟ್ಟಿಸಿಕೊಡಲು ಮುಂದಾದರು. ಇದು ಮೆಚ್ಚತಕ್ಕ ಏರ್ಪಾಡು. ಆದರೆ ನೆರೆ ಇಳಿದಂತೆ ಉತ್ಸಾಹವೂ ಇಳಿದು, ಕೆಲವು ದಾನಿಗಳು ಹಿಂಜರಿದುದೂ ಉಂಟು. ಇದಕ್ಕಾಗಿ ದಾನಿಗಳನ್ನು ಬಯ್ಯುವುದರಿಂದ ಫಲವಿಲ್ಲ. ಕರುಣೆಯು ಮಳೆಯಂತೆ ಒಮ್ಮೆಗೇ ಸುರಿಯುವುದು. ಮನೆ ಕಟ್ಟುವ ಕೆಲಸವು ವರ್ಷಗಟ್ಟಲೆ ನಡೆಯುವುದು. ಆದುದರಿಂದ ಮೊದಲ ವಾರದಲ್ಲಿ ಪೂರ್ಣ ಹಣವು ಬಾರದಿದ್ದರೆ ಕಂತುಗಳನ್ನು ಗೊತ್ತುಮಾಡಿ, ಪ್ರತಿ ಕಂತಿಗೂ ಮುನ್ನ ಹಿಂದಿನ ಕಂತಿನಲ್ಲಿ ಎದ್ದ ಗೋಡೆ ಎಷ್ಟೆಂಬುದನ್ನು ದಾನಿಗೆ ಬರೆದು ತಿಳಿಸತಕ್ಕದ್ದು.

2020ರ ಸಂಕಟವಾದರೋ ಬೇರೆ ಬಗೆಯದು. ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು. ಸಭೆ ಕೂಡಿಸುವಂತಿಲ್ಲ, ಮನೆಮನೆಗೆ ಹೋಗುವಂತಿಲ್ಲ. ಏಪ್ರಿಲ್ ಒಂದರಂದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ವಿಪ್ರೋ ಸಂಸ್ಥೆಗಳೂ ಒಟ್ಟು 1,125 ಕೋಟಿಯನ್ನು ಮೀಸಲಿಟ್ಟವು. ಇದು ನಾಡಿನ ಹೆಮ್ಮೆ. ಆದರೆ ಸಣ್ಣ ಸಂಸ್ಥೆಗಳ ಪಾಡೇನಾಯಿತು? 2013ರ ಕಂಪೆನಿ ಕಾಯಿದೆಯ 135ನೆಯ ಪ್ರಕರಣದಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸತಕ್ಕದ್ದಷ್ಟೆ. ಪ್ರಧಾನಮಂತ್ರಿಗಳ ಹೊಸ ನಿಧಿಗೆ ಕೊಟ್ಟುದು ಈ ಲೆಕ್ಕಕ್ಕೆ ಸೇರುವುದೆಂದೂ, ರಾಜ್ಯಗಳ ಮುಖ್ಯಮಂತ್ರಿಗಳ ಪರಿಹಾರನಿಧಿಗೆ ಕೊಟ್ಟುದು ಸೇರದೆಂದೂ ಆ ಏಪ್ರಿಲಿನಲ್ಲಿ ದೆಹಲಿಯಿಂದ ವಿವರಣೆ ಹೊರಟಿತು. ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆಯ ಕಾಯಿದೆಯೂ ತಿದ್ದಲ್ಪಟ್ಟಿತು: ಹಾಗೆ ಬಂದ ಹಣದಲ್ಲಿ ಆಡಳಿತಕ್ಕೆ ಬಳಸಬಹುದಾದ ಭಾಗವು ನೂರಕ್ಕೆ 50ರಿಂದ 20ಕ್ಕೆ ಇಳಿಯಿತು, ದೊಡ್ಡ ಸಂಸ್ಥೆಯು ತಾನು ಪಡೆದುದನ್ನು ಸಣ್ಣ ಸಂಸ್ಥೆಗೆ ಹಂಚುವುದು ನಿಷಿದ್ಧವಾಯಿತು. ರೋಗದ ನಡುವೆಯೇ ಹಳ್ಳಿಯ ಸಂಸ್ಥೆಗಳಿಗೆ ಹರಿಯುತ್ತಿದ್ದ ಒಂದು ಕಾಲುವೆಯು ಹೀಗೆ ಕಟ್ಟಿತು. ದೂರದ ದೊಡ್ಡ ದಾನಿಯೊಬ್ಬನನ್ನೇ ನೆಚ್ಚಿದವರು ಅಂದು ತತ್ತರಿಸುವಂತಾಯಿತು. ಸಣ್ಣ ದಾನಿಗಳ ಬೇರು ಹಲವು. ಒಂದು ಕಡಿದರೂ ಮರವು ನಿಲ್ಲುವುದು.

ಆ ಬೇರುಗಳು ಸಂಕಟದ ದಿವಸ ಇಳಿಯುವುದಿಲ್ಲ, ಮೊದಲೇ ಇಳಿದಿರಬೇಕು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹವನ್ನು ನೋಡಿರಿ. ರೈತರು ಬೆಳೆದುದರಲ್ಲಿ ಒಂದು ಪಾಲನ್ನು ಅಲ್ಲಿಗೆ ಒಪ್ಪಿಸುವುದು ವಾಡಿಕೆಯಾಗಿಬಿಟ್ಟಿದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಬೆಳೆಸಿದುದು ಆ ವಾಡಿಕೆಯನ್ನು. ಕೊಟ್ಟ ಧಾನ್ಯವನ್ನು ಮಕ್ಕಳು ಉಣ್ಣುವುದು ಎಲ್ಲರ ಕಣ್ಣಿಗೂ ಕಾಣುವುದರಿಂದ, ಅಲ್ಲಿ ದಾನಿಗೆ ಬೇರೆ ಮನವರಿಕೆಯೇ ಬೇಕಾಗುವುದಿಲ್ಲ.

ನಂಬಿಕೆಯ ವಿಷಯದಲ್ಲಿ ನಮ್ಮ ಪೂರ್ವಿಕರು ಇನ್ನೂ ಒಂದು ಹೆಜ್ಜೆ ಮುಂದಿದ್ದರು. ಬೆಂಜಮಿನ್ ಲೂಯಿ ರೈಸರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಉಪಾಧ್ಯಾಯರು ಅದರ ಪುಟಗಳನ್ನು ಒಮ್ಮೆ ತಿರುವಿ ನೋಡಬೇಕೆಂದು ನಮ್ಮ ಬಿನ್ನಹ. ಕೊಟ್ಟವನಾರು, ಕೊಟ್ಟುದೇನು, ಯಾವ ಉದ್ದೇಶಕ್ಕೆ, ಭೂಮಿಯ ನಾಲ್ಕು ಎಲ್ಲೆಗಳಾವುವು, ಸಾಕ್ಷಿಗಳಾರು, ಅಪಹರಿಸಿದವನಿಗೆ ಬರುವ ಪಾಪವಾವುದು ಎಂಬುದೆಲ್ಲವನ್ನೂ ಅಂದಿನ ದತ್ತಿಶಾಸನಗಳು ಹೇಳುವುವು; ಹೇಳುವುದೂ ಪೆಟ್ಟಿಗೆಯೊಳಗಿನ ಕಡತದಲ್ಲಲ್ಲ, ಊರ ಮುಂದಿನ ಕಲ್ಲಿನ ಮೇಲೆ. ಇದಕ್ಕಿಂತ ಬಹಿರಂಗವಾದ ರಸೀತಿಯುಂಟೆ? ಮತ್ತೊಂದು ಮಾತು. ಕೆರೆಯನ್ನು ಕಟ್ಟಿಸಿ ಅವರು ಕೈ ತೊಳೆದುಕೊಳ್ಳಲಿಲ್ಲ. ಅದರ ದುರಸ್ತಿಗೆಂದು ‘ಬಿತ್ತುವಟ್ಟ’ವೆಂಬ ದತ್ತಿಯನ್ನೂ ಬಿಟ್ಟರು. ಇಂದಿನ ದಾನಿಯಾದರೋ ‘ನನ್ನ ಹಣವೆಲ್ಲ ಅಕ್ಕಿಗೇ ಹೋಗಲಿ, ಗುಮಾಸ್ತನ ಸಂಬಳಕ್ಕೆ ಬೇಡ’ ಎನ್ನುವನು. ಅಕ್ಕಿಯನ್ನು ತೂಗುವವನಿಲ್ಲದೆ, ಲೆಕ್ಕವನ್ನು ಬರೆಯುವವನಿಲ್ಲದೆ ಅಕ್ಕಿಯು ಹಸಿದವನ ಮನೆಯನ್ನು ಮುಟ್ಟುವುದು ಹೇಗೆ? ಬಿತ್ತುವಟ್ಟವಿಲ್ಲದ ಕೆರೆಯು ಹೂಳು ತುಂಬುವುದು. ಸಂಸ್ಥೆಗಳು ಈ ವೆಚ್ಚವನ್ನು ಮರೆಮಾಚದೆ, ಇಷ್ಟು ಆಡಳಿತಕ್ಕೆಂದು ಮುಂದಾಗಿಯೇ ಹೇಳಲಿ. ದಾನಿಗಳೂ ಅದನ್ನು ಮನ್ನಿಸಲಿ.

ಇಷ್ಟನ್ನೂ ಕೇಳಿ ಮನೆಗೆ ಹೋದರೆ ಪ್ರಯೋಜನವಿಲ್ಲ. ಆದುದರಿಂದ ಐದು ಸೂಚನೆಗಳನ್ನು ತಮ್ಮ ಮುಂದಿಡುತ್ತೇವೆ.

ಒಂದು: ಸಂಕಟವಿಲ್ಲದ ಈ ಹೊತ್ತಿನಲ್ಲಿಯೇ ಊರಿನ ಆಪದ್ಧನವೊಂದನ್ನು ಸ್ಥಾಪಿಸತಕ್ಕದ್ದು. ಕೊಬ್ಬರಿಯ ಹಣ ಕೈಗೆ ಬಂದ ತಿಂಗಳಿನಲ್ಲಿ ಮನೆಗೆ ಇಷ್ಟೆಂದು ವಂತಿಗೆ ಎತ್ತಿದರೆ ಯಾರಿಗೂ ಭಾರವಾಗದು.

ಎರಡು: ಹಣವು ಬ್ಯಾಂಕಿನಲ್ಲಿ ಇಬ್ಬರ ರುಜುವಿನ ಮೇಲೆ ಇರಲಿ, ಕೊಟ್ಟುದು ಫೋನಿನ ಮೂಲಕವಾದರೂ ಪ್ರತಿಯೊಂದಕ್ಕೂ ರಸೀತಿಯಿರಲಿ. ತೆರಿಗೆಯ ವಿನಾಯಿತಿಯನ್ನು ಬಯಸುವ ದಾನಿಯ ನಗದು 2,000 ರೂಪಾಯಿಯನ್ನು ಮೀರಕೂಡದೆಂದು 2017ರಲ್ಲಿಯೇ ನಿಯಮವಾದುದನ್ನು ಅವನಿಗೆ ತಿಳಿಸುವುದೂ ಒಂದು ಉಪಕಾರ.

ಮೂರು: ಜಮಾಖರ್ಚನ್ನು ತಿಂಗಳಿಗೊಮ್ಮೆ ಶಾಲೆಯ ಗೋಡೆಗೆ ಅಂಟಿಸತಕ್ಕದ್ದು. ಅದನ್ನು ಮೇಲಿನ ತರಗತಿಯ ಮಕ್ಕಳು ಕೂಡಿ ಕಳೆದು ನೋಡಲಿ. ಅವರಿಗೆ ಲೆಕ್ಕವೂ ಬರುವುದು, ಊರಿಗೆ ಭಯವೂ ಇರುವುದು.

ನಾಲ್ಕು: ಊರಿನಿಂದ ಹೊರಗೆ, ಬೆಂಗಳೂರಿನಲ್ಲಿಯೂ ಪರದೇಶದಲ್ಲಿಯೂ ಇರುವ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಕಾಗದ ಬರೆಯತಕ್ಕದ್ದು. ಎರಡರಲ್ಲಿ ಒಂದು ಕಾಗದದಲ್ಲಿ ಹಣದ ಮಾತೇ ಇರಕೂಡದು. ಬೇಡುವಾಗ ಮಾತ್ರ ನೆನೆಯುವವನನ್ನು ನೆಂಟನೂ ಮೆಚ್ಚುವುದಿಲ್ಲ.

ಐದು: ಪಡೆಯುವವನ ಮಾನವನ್ನು ಕಾಯತಕ್ಕದ್ದು. ಐದು ಸೇರು ಅಕ್ಕಿಯನ್ನು ಹಿಡಿಸಿ ಚಿತ್ರ ತೆಗೆದು ನಾಲ್ಕು ಜನರಿಗೆ ತೋರಿಸುವ ದಾನವು ದಾನವಲ್ಲ. ಇಂದು ಪಡೆದವನು ಮುಂದಿನ ಸುಗ್ಗಿಯಲ್ಲಿ ಕೊಡುವವನಾಗಬಹುದೆಂಬುದನ್ನು ಮರೆಯಬಾರದು.

ಮಹಾಜನರೇ, ಮಳೆಯು ಮತ್ತೆ ತಪ್ಪುವುದೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಯಾವ ವರ್ಷವೆಂಬುದಷ್ಟೇ ಪ್ರಶ್ನೆ. ಆ ವರ್ಷವು ಬಂದಾಗ ನಮ್ಮ ಕೈಯಲ್ಲಿ ಭಿಕ್ಷಾಪಾತ್ರೆ ಇರಬೇಕೋ, ಬರೆದಿಟ್ಟ ಲೆಕ್ಕದ ಪುಸ್ತಕ ಇರಬೇಕೋ ಎಂಬುದನ್ನು ಇಂದು ತಾವೇ ನಿಶ್ಚಯಿಸಬೇಕು. ಈ ಸಭೆಯು ಚೆದರುವುದಕ್ಕೆ ಮುಂಚೆ ಇಬ್ಬರು ಉಪಾಧ್ಯಾಯರನ್ನೂ ಮೂವರು ಗೃಹಸ್ಥರನ್ನೂ ಆರಿಸಿ, ಮೊದಲನೆಯ ರಸೀತಿಯನ್ನು ಹರಿಯಬೇಕೆಂದು ನಾವು ವಿನಯದಿಂದ ಪ್ರಾರ್ಥಿಸುತ್ತೇವೆ.