ಚಹದಂಗಡಿಯ ಗೊಣಗಾಟ

ಪಾಳಿ ಬಿಟ್ಟ ಮೇಲೆ ಚಹದಂಗಡಿಯ ಬೆಂಚಿನ ಮೇಲೆ ದಿನವೂ ಇನ್‌ಕಮ್ ಟ್ಯಾಕ್ಸಿನ ಗೊಣಗಾಟ ಕೇಳುತ್ತೇನೆ. ಗೊಣಗುವವರಲ್ಲಿ ಅನೇಕರು ಅದನ್ನು ಕಟ್ಟುವವರೇ ಅಲ್ಲ! 2025ರ ಬಜೆಟ್ಟು ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ ಸಂಪಾದನೆಯವರೆಗೆ ಆ ತೆರಿಗೆಯನ್ನು ಬಿಟ್ಟುಕೊಟ್ಟಿತು. ಗಿರಣಿಯಲ್ಲಿ ಅಷ್ಟು ಪಗಾರ ಯಾರಿಗಿದೆ, ಹೇಳಿ?

ಹಾಗೆಂದು ಗೊಣಗಾಟ ಸುಳ್ಳಲ್ಲ, ಗುರಿ ತಪ್ಪಿದೆ ಅಷ್ಟೆ. 2017ರ ಜುಲೈ 1ರಂದು ಬಂದ ಜಿ.ಎಸ್.ಟಿ. ನಿಮ್ಮ ಪಗಾರ ಎಷ್ಟೆಂದು ಕೇಳುವುದೇ ಇಲ್ಲ. ಮೈ ತೊಳೆಯುವ ಸಾಬೂನಿಗೆ ಎಂಟು ವರ್ಷ ನೂರಕ್ಕೆ 18 ತೆತ್ತೆವು. 2025ರ ಸೆಪ್ಟೆಂಬರ್ 22ರಂದು ಅದು 5ಕ್ಕೆ ಇಳಿಯಿತು. ಮಾಲೀಕನಿಗೂ ಅದೇ ದರ, ಹಮಾಲನಿಗೂ ಅದೇ ದರ. ಕಂಪನಿಗಳಿಗೋ, ಬೇರೆ ರಿಯಾಯಿತಿ ಬಿಟ್ಟರೆ ಸಾಕೆಂದು 2019ರಲ್ಲೇ 30ರಿಂದ 22ಕ್ಕೆ ಇಳಿಸಿದರು!

ಕಿರಾಣಿ ಅಂಗಡಿಯವರೇ, ಗಿರಾಕಿಯ ಬೈಗುಳ ಮಾತ್ರ ನಿಮ್ಮ ಪಾಲಿಗೆ. ನಾಳೆ ಸಂಜೆ ಎಲ್ಲರೂ ತಿಂಗಳ ಬಿಲ್ಲುಗಳನ್ನು ಅದೇ ಬೆಂಚಿಗೆ ತನ್ನಿ, ಕೂಡಿಸಿ ನೋಡೋಣ.