ಲಾಲ್‌ಬಾಗ್ ಕೆರೆಯ ಸುತ್ತ ಒಂದು ಬೆಳಗಿನ ಪ್ರವಾಸ

(ವಿಲ್ಸನ್ ಗಾರ್ಡನ್‌ನಲ್ಲಿ ಸೇರಿದ್ದ ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು ಹಾಗೂ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ನಾಳೆ ತರಬೇತಿ ಶುರುವಾಗುವುದು ಹತ್ತು ಗಂಟೆಗೆ. ನೀವೆಲ್ಲ ಕೋಳಿ ಕೂಗುವ ಮೊದಲೇ ಏಳುವವರು. ಊರಿನಲ್ಲಾದರೆ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಡೇರಿಗೆ ಹಾಕಿ ಬರುವ ಹೊತ್ತು ಅದು. ಇಲ್ಲಿ ಆ ಕೆಲಸವಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಮೂರು ಮೂರೂವರೆ ಗಂಟೆ ಬಿಡುವಿದೆ. ಸಾಮಾನ್ಯವಾಗಿ ನಮ್ಮವರು ಬೆಂಗಳೂರಿಗೆ ಬಂದರೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ, ಚಿಕ್ಕಪೇಟೆಯಲ್ಲಿ ಒಂದು ಸೀರೆ, ಆಮೇಲೆ ಬಸ್ಸು. ಅದು ಬೇಡ ಎನ್ನುವುದಿಲ್ಲ. ಆದರೆ ಇಷ್ಟು ಹತ್ತಿರ ಬಂದು ಲಾಲ್‌ಬಾಗಿನ ಕೆರೆಯನ್ನು ಒಂದು ಸುತ್ತು ಬರದೆ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ಕಾಸಿದ್ದವರು ಕೆರೆ ನೋಡಲು ವಿಮಾನ ಹತ್ತಿ ತೈವಾನಿಗೆ ಹೋಗುತ್ತಾರೆ. ಅಲ್ಲಿ ಬೆಟ್ಟಗಳ ನಡುವೆ ಸೂರ್ಯ-ಚಂದ್ರ ಸರೋವರ ಎಂಬುದಿದೆ. ಒಂದು ಪಕ್ಕ ಸೂರ್ಯನಂತೆ ದುಂಡಗೆ, ಇನ್ನೊಂದು ಪಕ್ಕ ಚಂದ್ರನಂತೆ ಬಾಗಿದೆಯೆಂದು ಆ ಹೆಸರು. ಸುತ್ತಿ ಬರಲು ಸುಮಾರು ಮೂವತ್ತು ಕಿಲೋಮೀಟರು. ಆ ಸರೋವರವೂ ಇಂದಿನ ಗಾತ್ರಕ್ಕೆ ತಾನಾಗಿ ಬೆಳೆದದ್ದಲ್ಲ. 1934ರಲ್ಲಿ ಜಪಾನಿನ ಆಡಳಿತದವರು ವಿದ್ಯುತ್ತಿಗಾಗಿ ಕಟ್ಟೆ ಕಟ್ಟಿ ನೀರೇರಿಸಿದ್ದು. ಮನುಷ್ಯ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಚೆಂದವಾಗಿರಲು ಅಡ್ಡಿಯೇನೂ ಇಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ನಮ್ಮ ಲಾಲ್‌ಬಾಗ್ ಕೆರೆಗೆ ವಿಮಾನ ಬೇಡ, ಇಲ್ಲಿಂದ ಅರ್ಧ ಗಂಟೆಯ ನಡಿಗೆ ಸಾಕು.

ನಡೆಯುವ ದಾರಿಯಲ್ಲೇ ಒಂದೆರಡು ವಿಷಯ ಗಮನಿಸಿ. ನಮ್ಮ ಬೆಂಗಳೂರು ಡೇರಿ ಇರುವ ಹೊಸೂರು ರಸ್ತೆಗೆ ಈಗ ಡಾ. ಎಂ. ಎಚ್. ಮರೀಗೌಡ ರಸ್ತೆ ಎಂದು ಹೆಸರು. ಮರೀಗೌಡರು ಹಾಲಿನವರಲ್ಲ, ತೋಟದವರು. ಲಾಲ್‌ಬಾಗನ್ನು ನೋಡಿಕೊಂಡವರು, ತೋಟಗಾರಿಕೆ ಇಲಾಖೆಯನ್ನು ಕಟ್ಟಿ ಬೆಳೆಸಿದವರು. 1959ರಲ್ಲಿ ಅವರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರದೊಂದು ಸಹಕಾರ ಸಂಘ ಹುಟ್ಟಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ದಲ್ಲಾಳಿಗೆ ಸಿಕ್ಕಿಕೊಂಡಿದ್ದ ರೈತನಿಗೆ ತೂಕದಲ್ಲಿ ನ್ಯಾಯ ಸಿಗಬೇಕೆಂಬ ಯೋಚನೆ ನಮಗೂ ಅವರಿಗೂ ಒಂದೇ. ಅದೇ ರಸ್ತೆಯಲ್ಲಿ ಆಡುಗೋಡಿ ಕಡೆಗೆ ಹೋದರೆ ಹಳೆಯ ಇಂಪೀರಿಯಲ್ ಡೇರಿ ಸಂಸ್ಥೆ ಇದ್ದ ಜಾಗ. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಆ ಸಂಸ್ಥೆಗೆ ಹೋಗಿ ಹಸು ಸಾಕಣೆಯ ಪಾಠ ಕೇಳಿದರು. ಅಷ್ಟು ದೊಡ್ಡವರೇ ಆ ವಯಸ್ಸಿನಲ್ಲಿ ಹಸುವಿನ ಪಾಠಕ್ಕೆ ಕುಳಿತರೆಂಬುದನ್ನು, ತರಬೇತಿ ಎಂದರೆ ಆಕಳಿಸುವ ನಮ್ಮ ಕೆಲವು ಮಿತ್ರರಿಗೆ ಸುಮ್ಮನೆ ನೆನಪಿಸುತ್ತಿದ್ದೇನೆ.

ಲಾಲ್‌ಬಾಗಿಗೆ ನಾಲ್ಕು ದಿಕ್ಕಿನಲ್ಲೂ ಬಾಗಿಲುಗಳಿವೆ. ವಿಲ್ಸನ್ ಗಾರ್ಡನ್ ಕಡೆಯಿಂದ ಬರುವವರಿಗೆ ಸಿದ್ದಾಪುರದ ಬಾಗಿಲು ಹತ್ತಿರ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರರ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಬರಬೇಡಿ. ಜನರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ತೋಟದ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಹೈದರ್ ಅಲಿ 1760ರಲ್ಲಿ ಆರಂಭಿಸಿದ, ಟಿಪ್ಪು ಬೆಳೆಸಿದ. ಕ್ಯಾಮರಾನ್ ಎಂಬ ಇಂಗ್ಲಿಷರವರ ಕಾಲದಲ್ಲಿ ಗಾಜಿನಮನೆ ಎದ್ದಿತು. 1889ರಲ್ಲಿ ಅದರ ಶಂಕುಸ್ಥಾಪನೆ. ಆಗಲೇ ತೋಟ ಪೂರ್ವಕ್ಕೂ ಬಂಡೆಯ ಕಡೆಗೂ ಹಿಗ್ಗಿತು. ಈಗ ಒಟ್ಟು 240 ಎಕರೆ. ಸೀಮೆಬದನೆಯನ್ನು ಇಲ್ಲಿಗೆ ತಂದವರೂ ಕ್ಯಾಮರಾನ್ ಅವರೇ. ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್ ಅವರು ತರಿಸಿದ ಗಿಡಗಳಲ್ಲಿ ರೋಡ್ಸ್ ಹುಲ್ಲೂ ಒಂದು. ಗುಲಾಬಿ ನೋಡಲು ಹೋದವರಿಗೆ ಈ ಸುದ್ದಿ ರುಚಿಸಲಿಕ್ಕಿಲ್ಲ, ಮೇವು ಬೆಳೆಯುವ ನಮಗೆ ರುಚಿಸಬೇಕು. ದಾರಿಯಲ್ಲಿ ದೊಡ್ಡ ಮಳೆಮರಗಳಿವೆ. ಬೇಸಿಗೆಯಲ್ಲಿ ಅವುಗಳ ಕೆಳಗೆ ಉದುರುವ ಸಿಹಿಯಾದ ಕಪ್ಪು ಕಾಯಿಯನ್ನು ದನ ಇಷ್ಟಪಟ್ಟು ತಿನ್ನುತ್ತದೆ.

ಕೆರೆಗೆ ಮೊದಲು ಬಂಡೆಯನ್ನು ಹತ್ತಿ. ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದು ರಾಷ್ಟ್ರೀಯ ಸ್ಮಾರಕವೆಂದು ಫಲಕವನ್ನೂ ಹಾಕಿದ್ದಾರೆ. ಅಲ್ಲಿ ನಿಂತರೆ ಈ ಊರಿನ ಗುಟ್ಟು ತಿಳಿಯುತ್ತದೆ. ಬೆಂಗಳೂರಿಗೆ ಹೊಳೆಯಿಲ್ಲ. ಇದು ದಿಬ್ಬದ ಮೇಲಿನ ಊರು. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ, ದಕ್ಷಿಣ ಪಿನಾಕಿನಿಗೆ. ಕೆಳಗೆ ಬಂಡೆಗಲ್ಲು, ಮೇಲೆ ಇಳಿಜಾರು. ಇಂಥ ನೆಲದಲ್ಲಿ ಬದುಕಬೇಕಾದರೆ ಓಡುವ ನೀರಿಗೆ ಅಡ್ಡ ಏರಿ ಹಾಕುವುದೊಂದೇ ದಾರಿ. ಹಿರಿಯರು ಅದನ್ನೇ ಮಾಡಿದರು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ನಿಮ್ಮೂರಿನ ಲೆಕ್ಕವೂ ಇದೇ ಅಲ್ಲವೇ?

ಈಗ ಕೆರೆಗೆ ಇಳಿಯೋಣ. ತೋಟದ ದಕ್ಷಿಣಕ್ಕೆ, ಮರಗಳ ನೆರಳು ಮುಗಿಯುವಲ್ಲಿ ಒಮ್ಮೆಲೇ ಬಯಲಾಗಿ ನೀರು ಕಾಣುತ್ತದೆ. ಬೆಳಗಿನ ಹೊತ್ತು ಬೆಳ್ಳಕ್ಕಿ, ನೀರುಕಾಗೆಗಳು ಕಾಣಸಿಗುತ್ತವೆ. ನೀರುಕಾಗೆ ಮುಳುಗಿ ಎದ್ದು ರೆಕ್ಕೆ ಹರಡಿ ಬಿಸಿಲು ಕಾಯಿಸುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗದು. ಅವಸರ ಮಾಡಬೇಡಿ, ಆದರೆ ಬರೀ ಹಕ್ಕಿ ನೋಡಿ ಬರಬೇಡಿ. ಸಂತೆಯಲ್ಲಿ ಹಸು ಕೊಳ್ಳುವಾಗ ಬಣ್ಣ ನೋಡಿ ಕೊಳ್ಳುತ್ತೀರಾ? ಕೆಚ್ಚಲು ಮುಟ್ಟಿ, ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಕೆರೆಯನ್ನೂ ಹಾಗೆಯೇ ನೋಡಿ. ಏರಿಯ ಮೇಲೆ ನಡೆಯುವಾಗ ಕೋಡಿ ಎಲ್ಲಿದೆ ಎಂದು ಹುಡುಕಿ. ನೀರು ಒಳಗೆ ಬರುವ ಬಾಯಿ ಯಾವ ಕಡೆ, ಹೂಳು ಎಲ್ಲಿ ಕೂತಿದೆ, ಏರಿಯ ಹೊರಮೈಯಲ್ಲಿ ಜಿನುಗು ಇದೆಯೇ, ಬೇರು ಬಿಟ್ಟ ಮರಗಳು ಏರಿಯನ್ನು ಹಿಡಿದಿವೆಯೋ ಸೀಳುತ್ತಿವೆಯೋ, ಇವನ್ನೆಲ್ಲ ನೋಡಿ. ನೀರಿನ ಮೇಲೆ ಜೊಂಡು ದಟ್ಟವಾಗಿ ಹಬ್ಬಿದ್ದರೆ ಆ ಕೆರೆಗೆ ಎಲ್ಲಿಂದಲೋ ಕೊಳಚೆ ಸೇರುತ್ತಿದೆಯೆಂದು ತಿಳಿಯಬೇಕು. ಗೊಬ್ಬರದ ಸಾರ ಸಿಗದೆ ಜೊಂಡು ಹಾಗೆ ಕೊಬ್ಬುವುದಿಲ್ಲ. ನೀರು ಹಸಿರು ಬಣ್ಣ ಬಳಿದಂತೆ ಕೆನೆಗಟ್ಟಿದ್ದರೆ ಅದು ಪಾಚಿ. ಅದರಲ್ಲಿ ಕೆಲವು ಜಾತಿ ವಿಷದವು. ಊರಿನ ಕೆರೆಯಲ್ಲಿ ಬೇಸಿಗೆಯ ಕೊನೆಗೆ ಇಂಥ ಕೆನೆ ಕಂಡರೆ ದನವನ್ನು ಅಲ್ಲಿಗೆ ನೀರಿಗೆ ಬಿಡಬೇಡಿ.

ದಡದ ಕಲ್ಲುಗಳಿಗೆ ಅಂಟಿದ ಸಣ್ಣ ಶಂಖದ ಹುಳುಗಳು ಕಂಡರೆ ಅವನ್ನೂ ನೋಡಿಕೊಳ್ಳಿ. ಇಲ್ಲಿ ಅವು ನಿರಪಾಯ, ಏಕೆಂದರೆ ಇಲ್ಲಿ ದನ ಮೇಯುವುದಿಲ್ಲ. ನಮ್ಮ ಕೆರೆಯಂಗಳದಲ್ಲಿ ಅವೇ ಹುಳುಗಳು ಈಲಿಗೆ ಸೇರುವ ಚಪ್ಪಟೆ ಜಂತುವಿನ ಮರಿಗಳನ್ನು ಹೊತ್ತಿರುತ್ತವೆ. ಆ ಮರಿಗಳು ನೀರಂಚಿನ ಹುಲ್ಲಿಗೆ ಅಂಟಿಕೊಂಡು, ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ ಹೋಗುತ್ತವೆ. ಹಸು ಬಡಕಲಾಗುತ್ತದೆ, ಭೇದಿ ನಿಲ್ಲುವುದಿಲ್ಲ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಳ್ಳುತ್ತದೆ, ಹಾಲು ಇಳಿಯುತ್ತದೆ. ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸುವವರು ಈಗಲೂ ಇದ್ದಾರೆ. ಪಶುವೈದ್ಯರಿಗೆ ಸಗಣಿ ತೋರಿಸಿ, ಮಳೆಗೆ ಮೊದಲೊಮ್ಮೆ ಮಳೆಯ ನಂತರವೊಮ್ಮೆ ಜಂತಿನ ಔಷಧಿ ಹಾಕಿಸುವುದು ಒಳ್ಳೆಯದು. ಕೆರೆಯಂಚಿನ ಹುಲ್ಲನ್ನು ಕೊಯ್ದು ಚೆನ್ನಾಗಿ ಬಿಸಿಲಿಗೆ ಒಣಗಿಸಿ ಹಾಕಿದರೆ ಅಪಾಯ ಬಹಳಷ್ಟು ಕಡಿಮೆ.

ಈ ಕೆರೆ ಇನ್ನೂ ಕೆರೆಯಾಗಿ ಉಳಿದಿರುವುದೇ ಒಂದು ಭಾಗ್ಯ. ನೀವು ನಿನ್ನೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದಿದ್ದರೆ, ಇಳಿದದ್ದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಇಲ್ಲೇ ಶಾಂತಿನಗರದ ಪಕ್ಕದ ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಾಗಿತ್ತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಮನೆಗಳೆದ್ದವು. ಉಳಿದ ಕೆರೆಗಳನ್ನಾದರೂ ಒಡೆಯಬೇಡಿರೆಂದು 1980ರ ದಶಕದಲ್ಲೇ ಲಕ್ಷ್ಮಣರಾವ್ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ತೋಟದ ಬೇಲಿಯೊಳಗೆ ಸೇರಿಕೊಂಡದ್ದರಿಂದ ಲಾಲ್‌ಬಾಗ್ ಕೆರೆ ಬದುಕಿತೆಂದು ನಾನು ತಿಳಿದಿದ್ದೇನೆ.

ಇದೆಲ್ಲ ಪಟ್ಟಣದವರ ಪಾಡು, ನಮಗೇನು ಎಂದು ಹಿಂದಿನ ಸಾಲಿನವರು ಕೇಳಬಹುದು. ಕೇಳಿ. ಲಾಲ್‌ಬಾಗ್ ಕೆರೆ ಇರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ. ಈ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ಪಿನಾಕಿನಿಗೆ ಹೋಗುತ್ತದೆ. ನಡುವೆ ಅದಕ್ಕೆ ಊರಿನ ಕೊಳಚೆ ಸೇರಿತು. ಬೆಳ್ಳಂದೂರಿನಲ್ಲಿ ನೊರೆ ರಸ್ತೆಗೆ ಹಾರಿತು, 2015ರಲ್ಲೂ 2017ರಲ್ಲೂ 2018ರಲ್ಲೂ ಕೆರೆಗೇ ಬೆಂಕಿ ಬಿತ್ತು. ನೀರಿಗೆ ಬೆಂಕಿ ಬೀಳುವುದನ್ನು ನಮ್ಮ ಅಜ್ಜಂದಿರು ಗಾದೆಯಲ್ಲೂ ಕೇಳಿರಲಿಕ್ಕಿಲ್ಲ. ಇದೇ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ಎಂಬುದು ಯೋಜನೆಯ ಅಳತೆ. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೂ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು, ಒಣಗಿದ್ದ ಕೆರೆಗಳು ತುಂಬಿದವು, ಸುತ್ತಲ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಬರಗಾಲದಲ್ಲಿ ಹಸು ಮಾರಿದವರಿಗೆ ಅದರ ಬೆಲೆ ಗೊತ್ತು. ನಾನು ಅದನ್ನು ಹೀಗಳೆಯುವವನಲ್ಲ.

ಆದರೆ ನೀರು ಬಂತೆಂಬ ಸಂತೋಷದಲ್ಲಿ ಕಣ್ಣು ಮುಚ್ಚಬಾರದು. ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಬಿಸಿಲುಗಾಲದಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಮನೆಗಳ ಕೊಳಚೆಗೆ ಕಾರ್ಖಾನೆಯ ನೀರು ಬೆರೆತಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿರುತ್ತವೆ. ಎರಡು ಹಂತದ ಶುದ್ಧಿ ಅವನ್ನೆಲ್ಲ ತೆಗೆಯಲಾರದು. ಹುಲ್ಲು ಅವನ್ನು ಹೀರುತ್ತದೆ, ಹಸು ಹುಲ್ಲು ತಿನ್ನುತ್ತದೆ, ಸ್ವಲ್ಪವಾದರೂ ಹಾಲಿಗೆ ಬರುತ್ತದೆ. ನಾವು ಸಂಘದಲ್ಲಿ ನೋಡುವುದು ಜಿಡ್ಡು, ಡಿಗ್ರಿ. ಲ್ಯಾಕ್ಟೋಮೀಟರಿಗೆ ಸೀಸ ಕಾಣುವುದಿಲ್ಲ. ಬೆಳ್ಳಂದೂರು, ವರ್ತೂರು ಕಡೆಯ ಕೊಳಚೆ ಕೆರೆಗಳಂಚಿನಲ್ಲಿ ಹಸಿರು ಹುಲ್ಲು ಆಳೆತ್ತರ ಬೆಳೆಯುತ್ತದೆ, ಕೊಯ್ದು ತಂದು ಹಾಕುವವರಿದ್ದಾರೆ. ದುಡ್ಡಿಲ್ಲದೆ ಸಿಕ್ಕ ಮೇವೆಂದು ತೋರುತ್ತದೆ. ನನ್ನ ಸಲಹೆ ಇಷ್ಟೇ: ಹಾಲು ಕರೆಯುವ ಹಸುವಿಗೆ ಅದನ್ನು ಹಾಕಬೇಡಿ. ಸಂಸ್ಕರಿಸಿದ ನೀರು ಬಂದ ಕೆರೆಯಲ್ಲಿ ದನವನ್ನು ನೇರವಾಗಿ ಕುಡಿಯಲು ಬಿಡುವ ಬದಲು ಕೊಟ್ಟಿಗೆಯ ತೊಟ್ಟಿಯಲ್ಲಿ ಬಾವಿ ನೀರು ಕೊಡಿ. ಆ ಬಾವಿಯ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಿ. ಒಬ್ಬೊಬ್ಬರೇ ಕಳಿಸಿದರೆ ಖರ್ಚು, ಸಂಘದಿಂದ ಕಳಿಸಿದರೆ ಹಗುರ. ವಾರ್ಷಿಕ ಮಹಾಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕೆ ಕೊಟ್ಟರೆ ನಷ್ಟವೇನಿಲ್ಲ.

ಕೆರೆಯ ಸುತ್ತು ಮುಗಿಯಲು ನಿಧಾನವಾಗಿ ನಡೆದರೂ ಒಂದು ಗಂಟೆ ಸಾಕು. ವಾಪಸ್ಸು ಬರುವಾಗ ಮುದಿ ಬಿಳಿ ಬೂರುಗದ ಮರವನ್ನು ನೋಡಿ ಬನ್ನಿ. ಅದರ ಬೇರುಗಳು ಗೋಡೆಯಂತೆ ಎದ್ದಿವೆ, ನಾಲ್ಕು ಕರು ಕಟ್ಟಬಹುದಾದಷ್ಟು ಜಾಗ ಒಂದೊಂದರ ನಡುವೆ. ಮೀನಿಗೆಂದು ಬ್ರೆಡ್ಡು, ಮಂಡಕ್ಕಿ ಎಸೆಯಬೇಡಿ. ಅದು ಕೊಳೆತು ನೀರು ಕೆಡುತ್ತದೆ.

ಸಿದ್ದಾಪುರದ ಬಾಗಿಲಿನಿಂದ ಹೊರಬಂದರೆ ಸಾಲಾಗಿ ನರ್ಸರಿಗಳು. ಹೂಗಿಡ ತೆಗೆದುಕೊಳ್ಳಿ, ತಾಯಂದಿರು ಹೇಗೂ ಬಿಡುವುದಿಲ್ಲ. ಅದರ ಜೊತೆ ಎರಡು ಅಗಸೆ, ಎರಡು ನುಗ್ಗೆ ಸಸಿ ಕೇಳಿ ನೋಡಿ. ಹೊಲದ ಬದುವಿನಲ್ಲಿ ನೆಟ್ಟರೆ ಸೊಪ್ಪು ಹಸುವಿಗೂ ಆಗುತ್ತದೆ, ಮನೆಯ ಸಾರಿಗೂ ಆಗುತ್ತದೆ. ಸಂಜೆ ಬಸ್ಸಿನಲ್ಲಿ ಒಯ್ಯುವವರೆಗೆ ಬೇರಿಗೆ ಒದ್ದೆ ಗೋಣಿತಾಟು ಸುತ್ತಿ ನೆರಳಲ್ಲಿಡಿ. ಹತ್ತು ಗಂಟೆಗೆ ಹಾಜರಿ ಕೂಗುತ್ತಾರೆ, ಅಷ್ಟರೊಳಗೆ ತಿಂಡಿಯನ್ನೂ ಮುಗಿಸಿರಿ.