ಯಾವ ಹಾಡು, ಯಾಕೆ?

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಆಮೇಲೆ ಸಿ. ಅಶ್ವತ್ಥ್ ಸ್ವರ ಹಾಕಿದ ಶರೀಫರ ತತ್ವಪದಗಳು, ‘ಮೈಸೂರು ಮಲ್ಲಿಗೆ’ ಬಂದವು. ಇವು ಮನೆಮನೆ ಮುಟ್ಟಿದ್ದರಲ್ಲಿ ಕ್ಯಾಸೆಟ್ಟನ್ನು ಕೈಯಿಂದ ಕೈಗೆ ದಾಟಿಸಿದ ಕೇಳುಗರ ಪಾಲು ದೊಡ್ಡದು.

ಅವರು ಬರೀ ‘ಚೆನ್ನಾಗಿದೆ’ ಅಂತ ಹೇಳಿ ಕೊಡುತ್ತಿರಲಿಲ್ಲ. ‘ಬಿ ಸೈಡಿನ ಎರಡನೇ ಹಾಡು ಕೇಳು, ಚರಣಕ್ಕೆ ಮುಂಚೆ ಕೊಳಲು ಬರುತ್ತೆ, ಅದನ್ನ ಬಿಡಬೇಡ’ ಅನ್ನುತ್ತಿದ್ದರು. ವಾರ ಕಳೆದು ಕ್ಯಾಸೆಟ್ ವಾಪಸಾಗುವಾಗ ಜತೆಗೊಂದು ತಕರಾರೂ ಬರುತ್ತಿತ್ತು: ‘ರಾಗ ಸೊಗಸು, ಆದರೆ ವಾದ್ಯದ ಅಬ್ಬರದಲ್ಲಿ ಕವಿಯ ಮಾತೇ ಕೇಳಿಸಲ್ಲ.’ ಇದು ಅಪ್ಪಟ ವಿಮರ್ಶೆ. ಸುಗಮ ಸಂಗೀತದಲ್ಲಿ ಸಾಹಿತ್ಯ ಮುಖ್ಯವೋ ಸಂಗೀತ ಮುಖ್ಯವೋ ಎಂಬ ಚರ್ಚೆ ವೇದಿಕೆಗಳಿಗಿಂತ ಮನೆಯ ಜಗಲಿಗಳಲ್ಲೇ ಹೆಚ್ಚು ಕಾವೇರಿತ್ತು ಎಂದೇ ನನ್ನ ನಂಬಿಕೆ.

ಈಗ ಮುಂದಿನ ಹಾಡನ್ನು ಮೊಬೈಲೇ ಆರಿಸಿ ಕೊಡುತ್ತದೆ. ಯಾಕೆ ಕೇಳಬೇಕು ಅಂತ ಮಾತ್ರ ಹೇಳುವುದಿಲ್ಲ. ಇವತ್ತು ನಿಮಗಿಷ್ಟವಾದ ಒಂದು ಆಲ್ಬಮ್ಮಿನ ಹೆಸರನ್ನು ಸ್ನೇಹಿತರೊಬ್ಬರಿಗೆ ಹೇಳಿ. ಅದರಲ್ಲಿ ಯಾವ ಹಾಡು, ಯಾಕೆ ಎಂಬುದನ್ನೂ ಹೇಳಿ. ಅವರು ಒಪ್ಪದಿದ್ದರೆ, ಬೇಸರಿಸದೆ ಕಾರಣ ಕೇಳಿ.